ನಮ್ಮೂರ ಮಿಡಚಿಗೆ ರೆಕ್ಕೆ ಇರ್ಲಿಲ್ಲ

ಭಾಗ 1/8

2020ರ ಮೇ ತಿಂಗಳು ನೆನಪಿದೆಯಾ? ಲಾಕ್‌ಡೌನ್ ಇತ್ತು. ಶಾಲೆ ಬಂದ್, ಬಸ್ ಬಂದ್, ಓಡ್ತಾ ಇದ್ದದ್ದು ವಾಟ್ಸಾಪ್ ಒಂದೇ. ನಾನು ಒಂಬತ್ತನೇ ಕ್ಲಾಸ್ ಪರೀಕ್ಷೆ ಇಲ್ಲದೇ ಪಾಸಾಗಿ ಗದಗ ಕಡೆ ಅಜ್ಜನ ಊರಲ್ಲಿದ್ದೆ.

ಒಂದು ಸಂಜೆ ಫ್ಯಾಮಿಲಿ ಗ್ರೂಪ್‌ಗೆ ವಿಡಿಯೋ ಬಂತು. ಜೈಪುರದ ಆಕಾಶ, ಮನೆ ಮಾಳಿಗೆ, ಮರ, ಗೋಡೆ, ಎಲ್ಲಿ ನೋಡಿದ್ರೂ ಮಿಡತೆ. ಕೆಳಗೆ ಯಾರೋ ‘ನಾಳೆ ಕರ್ನಾಟಕಕ್ಕೆ’ ಅಂತ ಬರೆದು ಕಳಿಸಿದ್ರು. ಅಪ್ಪ ಹೊಲದಲ್ಲಿ ಬಡಿದು ಸದ್ದು ಮಾಡೋಕೆ ಅಂತ ಹಳೇ ತಾಟು, ಎಣ್ಣೆ ಡಬ್ಬಿ ಹುಡುಕಿ ಇಟ್ಟರು.

ಅಜ್ಜ ಮಾತ್ರ ಆ ವಿಡಿಯೋನ ಎರಡು ಸಲ ನೋಡಿ ಫೋನ್ ವಾಪಸ್ ಕೊಟ್ಟು ಹೇಳಿದ್ರು: ‘ಯವ್ವಾ, ಇದು ಹಾರಿ ಬಂದು ಹಾರಿ ಹೋಗೂ ಮಿಡಚಿ. ನಮ್ಮ ಮಿಡಚಿ ಬ್ಯಾರೆ. ಅದಕ್ಕ ರೆಕ್ಕಿನ ಇರಲಿಲ್ಲ. ಹೊಲದಾಗ ಹುಟ್ಟಿ, ಹೊಲದಾಗ ತಿಂದು, ಅಲ್ಲೇ ತತ್ತಿ ಇಟ್ಟು ಸಾಯ್ತಿತ್ತು.’

ನಾನು ನಕ್ಕುಬಿಟ್ಟೆ. ರೆಕ್ಕೆ ಇಲ್ಲದ ಮಿಡತೆ ಎಲ್ಲಾದ್ರೂ ಇರತ್ತಾ ಅಜ್ಜಾ, ಅದು ಬೇರೆ ಯಾವುದೋ ಹುಳ ಇರ್ಬೇಕು ಅಂದೆ. ಗೂಗಲ್ ಮಾಡೋ ಕಷ್ಟ ಕೂಡ ತಗೊಳ್ಳಲಿಲ್ಲ. ಅಜ್ಜ ಮುಂದೆ ಮಾತಾಡಲಿಲ್ಲ, ಎಲೆ ಅಡಿಕೆ ಹಾಕ್ಕೊಂಡು ಸುಮ್ಮನಾದ್ರು.

ಹೋದ ವರ್ಷ ಅಜ್ಜ ತೀರಿಕೊಂಡ್ರು. ಆಮೇಲೆ ಗೊತ್ತಾಯ್ತು, ಅವರು ಹೇಳಿದ್ದು ಅಕ್ಷರಶಃ ನಿಜ ಅಂತ. ಈ ಸೀರೀಸ್ ಅದಕ್ಕೇ ಬರೀತಿದ್ದೀನಿ. ಬಿಕಾಂ ಓದೋಳಿಗೆ ಹುಳದ ಇತಿಹಾಸ ಯಾಕೆ ಅಂತ ಕೇಳಬೇಡಿ, ಮುಂದೆ ಲೆಕ್ಕ ಬರತ್ತೆ.

ಭಾಗ 2/8: ಎಲ್ಲ ಮಿಡತೆಯೂ ವೈರಿ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಇಂಗ್ಲಿಷ್‌ನಲ್ಲಿ ಗ್ರಾಸ್‌ಹಾಪರ್ ಬೇರೆ, ಲೋಕಸ್ಟ್ ಬೇರೆ. ನಾವು ಎರಡಕ್ಕೂ ಮಿಡತೆ ಅಂತೀವಿ. ಹಾಗಂತ ನಮ್ಮ ಭಾಷೆ ತಪ್ಪು ಮಾಡಿಲ್ಲ. ಲೋಕಸ್ಟ್ ಅನ್ನೋದು ಮಿಡತೆಯೇ, ಗುಂಪು ಕಟ್ಟೋ ಚಾಳಿ ಇರೋ ಮಿಡತೆ ಅಷ್ಟೇ.

ಜಗತ್ತಿನಲ್ಲಿ ಗಿಡ್ಡ ಮೀಸೆಯ ಮಿಡತೆಗಳದ್ದೇ 10 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ದಂಡು ಕಟ್ಟಿಕೊಂಡು ದೇಶ ದಾಟಿ ಹೋಗುವಂಥವು ಸುಮಾರು 20. ಭಾರತದಲ್ಲಿ ನಾಲ್ಕು: ಮರುಭೂಮಿ ಮಿಡತೆ, ವಲಸೆ ಮಿಡತೆ, ಬಾಂಬೆ ಮಿಡತೆ, ಮರ ಮಿಡತೆ. ಉಳಿದವು ನಮ್ಮ ನಿಮ್ಮ ಹಾಗೆ ಊರಲ್ಲೇ ಹುಟ್ಟಿ ಊರಲ್ಲೇ ಬದುಕೋವು. ಬೆಳ್ಳಕ್ಕಿ, ಗೊರವಂಕ, ಓತಿಕ್ಯಾತ ಎಲ್ಲಕ್ಕೂ ಅವು ಊಟ. ಹುಲ್ಲು ತಿಂದು ಹಿಕ್ಕೆ ಹಾಕಿ ಮಣ್ಣಿಗೆ ಗೊಬ್ಬರ ಆಗೋವು.

ಆ ವ್ಯತ್ಯಾಸ ಗೊತ್ತಿಲ್ಲದಿದ್ರೆ ಏನಾಗತ್ತೆ ಅಂತ 2020ರಲ್ಲೇ ನೋಡಿದ್ವಿ. ಕೋಲಾರ ಜಿಲ್ಲೆಯಲ್ಲಿ ಎಕ್ಕದ ಗಿಡದ ತುಂಬಾ ಬಣ್ಣಬಣ್ಣದ ಮಿಡತೆ ಕಂಡವು, ಜನ ‘ಬಂತು ಬಂತು’ ಅಂತ ಗಾಬರಿಯಾದ್ರು. ನೋಡಿದ್ರೆ ಅದು ಎಕ್ಕದ ಮಿಡತೆ. ಹಳದಿ ಮೈ, ನೀಲಿ ಪಟ್ಟೆ. ಅದರ ಮುಖ್ಯ ಊಟ ಎಕ್ಕದ ಎಲೆ. ಎಕ್ಕದ ಹಾಲಿನಲ್ಲಿರೋ ವಿಷವನ್ನ ತನ್ನ ಮೈಯಲ್ಲೇ ಇಟ್ಟುಕೊಳ್ಳತ್ತೆ, ಹಕ್ಕಿ ಮುಟ್ಟದಿರಲಿ ಅಂತ. ಆ ಬಣ್ಣ ಇರೋದೇ ‘ನನ್ನ ತಿನ್ನಬೇಡ’ ಅಂತ ಹೇಳೋಕೆ. ಪಾಪ, ಅದು ಅಲ್ಲೇ ಯಾವತ್ತಿನಿಂದಲೂ ಇತ್ತು. ನಾವು ಆ ವಾರ ಮೊದಲ ಸಲ ನೋಡಿದ್ವಿ.

ಭಾಗ 3/8: ಒಂದು ಪದದ ಪ್ರಯಾಣ

ಇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಛಾಂದೋಗ್ಯ ಉಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣ ಅನ್ನೋ ಬಡ ವಿದ್ವಾಂಸನ ಕಥೆ ಇದೆ. ಕುರು ದೇಶದ ಬೆಳೆ ‘ಮಟಚೀ’ ಅನ್ನೋದರಿಂದ ಹಾಳಾಗಿದೆ. ಊಟಕ್ಕಿಲ್ಲ. ಅವನು ಹೆಂಡತಿ ಜೊತೆ ಇನ್ನೊಂದು ಊರಿಗೆ ಬಂದು, ಅಲ್ಲಿ ಒಬ್ಬ ತಿನ್ನುತ್ತಿದ್ದ ಕಾಳನ್ನೇ ಬೇಡುತ್ತಾನೆ. ಆ ಮನುಷ್ಯ, ನನ್ನ ಹತ್ತಿರ ಈ ಎಂಜಲು ಬಿಟ್ಟು ಬೇರೆ ಇಲ್ಲ ಅಂತಾನೆ. ಅದನ್ನೇ ಕೊಡು ಅಂತ ತಿನ್ನುತ್ತಾನೆ. ಆಮೇಲೆ ನೀರು ಕೊಟ್ಟರೆ ಬೇಡ ಅಂತಾನೆ: ಕಾಳು ತಿನ್ನದಿದ್ರೆ ಸಾಯ್ತಿದ್ದೆ, ನೀರು ಬೇರೆ ಕಡೆ ಸಿಗತ್ತೆ.

ಸರಿ, ಬೆಳೆ ಹಾಳು ಮಾಡಿದ ಈ ‘ಮಟಚೀ’ ಏನು? ಶಂಕರರ ಭಾಷ್ಯದಲ್ಲಿ ಸಿಡಿಲು ಅಂತಿದೆ. ಆಲಿಕಲ್ಲಿನ ಮಳೆ ಅಂದವರಿದ್ದಾರೆ, ಕೆಂಪು ಬಣ್ಣದ ಸಣ್ಣ ಹಕ್ಕಿ ಅಂದವರೂ ಇದ್ದಾರೆ. 1918ರಲ್ಲಿ ಡಿ. ಆರ್. ಭಂಡಾರ್ಕರ್ ಕಲ್ಕತ್ತಾ ವಿಶ್ವವಿದ್ಯಾಲಯದ ಕಾರ್ಮೈಕಲ್ ಉಪನ್ಯಾಸದಲ್ಲಿ ಹೇಳಿದ್ದು ಬೇರೆ. ಇದು ಕನ್ನಡದ ‘ಮಿಡಿಚೆ’ ಪದ, ಸಂಸ್ಕೃತದ ರೂಪ ತೊಟ್ಟು ಕೂತಿದೆ ಅಂದ್ರು. ಸಾಕ್ಷಿಗೆ ಅವರು ತೋರಿಸಿದ್ದು ನಮ್ಮ ಕಿಟ್ಟೆಲ್ ನಿಘಂಟನ್ನ, 1894ರಲ್ಲಿ ಮಂಗಳೂರಲ್ಲಿ ಅಚ್ಚಾದದ್ದು. ಅದರಲ್ಲಿ ಮಿಡಿಚೆ ಅಂದ್ರೆ ಮಿಡತೆ.

ಎಲ್ಲ ವಿದ್ವಾಂಸರೂ ಇದನ್ನ ಒಪ್ಪಿಲ್ಲ, ಚರ್ಚೆ ಇದೆ. ಆದ್ರೆ ಯೋಚಿಸಿ. ಗಂಗೆ ಯಮುನೆ ಸೀಮೆಯ ಹಸಿವಿನ ಕಥೆಯೊಳಗೆ, ನನ್ನ ಅಜ್ಜ ದಿನಾ ಬಾಯಲ್ಲಿ ಆಡುತ್ತಿದ್ದ ‘ಮಿಡಚಿ’ಯ ನೆಂಟ ಪದ ಕೂತಿರಬಹುದು! ನಾನು ಅದನ್ನ ‘ಹಳ್ಳಿ ಮಾತು’ ಅಂದ್ಕೊಂಡಿದ್ದೆ. ಪ್ರಬಂಧದಲ್ಲಿ ಮಿಡತೆ ಅಂತಲೇ ಬರೀಬೇಕು, ಮಿಡಚಿ ಅನ್ನಬಾರದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ರೂ ನಾನೇ ನಾಚಿಕೆಪಟ್ಟು ಬಿಟ್ಟಿದ್ದೆ.

ಭಾಗ 4/8: ಸಾಧು ಪ್ರಾಣಿ ದಂಡು ಆಗೋದು ಹೇಗೆ

ತುಂಬಾ ಕಾಲ ವಿಜ್ಞಾನಿಗಳಿಗೆ ಒಂದು ಒಗಟು ಇತ್ತು. ದಂಡು ಬರತ್ತೆ, ದೇಶ ತಿನ್ನತ್ತೆ, ಆಮೇಲೆ ವರ್ಷಗಟ್ಟಲೆ ಕಾಣೋದೇ ಇಲ್ಲ. ಎಲ್ಲಿ ಹೋಗತ್ತೆ?

1921ರಲ್ಲಿ ಬೋರಿಸ್ ಉವಾರೋವ್ ಉತ್ತರ ಕೊಟ್ಟರು. ಎಲ್ಲೂ ಹೋಗಲ್ಲ. ವಲಸೆ ಮಿಡತೆಯನ್ನ ನೋಡಿ, ಎರಡು ಬೇರೆ ಜಾತಿ ಅಂತ ಹೆಸರಿಟ್ಟಿದ್ದು ನಿಜಕ್ಕೂ ಒಂದೇ ಹುಳದ ಎರಡು ಅವತಾರ ಅಂತ ತೋರಿಸಿದ್ರು. ಒಂಟಿಯಾಗಿದ್ದಾಗ ಒಂದು ಬಣ್ಣ, ಒಂದು ಗುಣ. ಗುಂಪಾದ್ರೆ ಬಣ್ಣ, ಆಕಾರ, ನಡತೆ ಎಲ್ಲ ಬೇರೆ.

ಮರುಭೂಮಿ ಮಿಡತೆಯೂ ಹಾಗೇ. ಒಂಟಿಯಾಗಿದ್ದಾಗ ಮಣ್ಣಿನ ಬಣ್ಣ, ರಾತ್ರಿ ಹಾರಾಟ, ಇನ್ನೊಂದು ಮಿಡತೆ ಕಂಡ್ರೆ ದೂರ. ಮಳೆ ಚೆನ್ನಾಗಿ ಆದಾಗ ಮರಳಲ್ಲಿ ಹಸಿರು ಬರತ್ತೆ, ಸಂತಾನ ಹೆಚ್ಚತ್ತೆ. ಆಮೇಲೆ ಹಸಿರು ಒಣಗಿ ಅಲ್ಲಲ್ಲಿ ಸಣ್ಣ ಪಟ್ಟೆ ಉಳಿದಾಗ ಎಲ್ಲ ಅಲ್ಲೇ ಬಂದು ನೂಕಾಡತ್ತೆ. ಆಗ ಹಿಂಗಾಲು ಒಂದಕ್ಕೊಂದು ತಾಗ್ತಾ ಇರತ್ತೆ. 2009ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಜ್ಞಾನಿಗಳು ಕಂಡುಕೊಂಡಿದ್ದು ಏನಂದ್ರೆ, ಹೀಗೆ ಕಾಲು ತಾಗಿ ತಾಗಿ ಕೆಲವೇ ಗಂಟೆಯಲ್ಲಿ ಅದರ ನರಮಂಡಲದಲ್ಲಿ ಸೆರೋಟೋನಿನ್ ಏರತ್ತೆ. ದೂರ ಓಡ್ತಿದ್ದ ಹುಳ ಗುಂಪಿನ ಕಡೆಗೇ ಹೋಗೋಕೆ ಶುರು ಮಾಡತ್ತೆ.

ಹಸಿವು, ಇಕ್ಕಟ್ಟು, ನೂಕುನುಗ್ಗಲು. ಬೆಳಗ್ಗೆ ಎಂಟರ ಬಸ್ಸಲ್ಲಿ ನಮ್ಮ ಸೆರೋಟೋನಿನ್ ಏನಾಗತ್ತೋ ಯಾರಾದ್ರೂ ಅಳೀಬೇಕು.

ಈಗ ಕಾಮರ್ಸ್‌ನವರು ಎದ್ದು ಕೂತ್ಕೊಳ್ಳಿ. ವಾತಾವರಣ ಕೂಡಿ ಬಂದ್ರೆ ಮರುಭೂಮಿ ಮಿಡತೆ ಮೂರು ತಿಂಗಳಿಗೆ 20 ಪಟ್ಟು ಆಗಬಹುದು. ಆರು ತಿಂಗಳಿಗೆ 40 ಪಟ್ಟು ಅಲ್ಲ, 400 ಪಟ್ಟು. ಒಂಬತ್ತು ತಿಂಗಳಿಗೆ 8,000 ಪಟ್ಟು. ಚಕ್ರಬಡ್ಡಿ! ಒಂದು ಚದರ ಕಿಲೋಮೀಟರ್ ದಂಡಿನಲ್ಲಿ 4 ಕೋಟಿಯಿಂದ 8 ಕೋಟಿ ಹುಳ ಇರಬಹುದು. ಒಂದೊಂದು ದಿನಕ್ಕೆ ತನ್ನ ತೂಕದಷ್ಟು, ಅಂದ್ರೆ ಸುಮಾರು 2 ಗ್ರಾಂ ತಿನ್ನತ್ತೆ. 4 ಕೋಟಿ ಅಂತ ಹಿಡಿದ್ರೂ ದಿನಕ್ಕೆ 80 ಟನ್. ಸುಮಾರು 35,000 ಜನರ ಒಂದು ದಿನದ ಊಟ. ಗಾಳಿ ಜೊತೆ ದಿನಕ್ಕೆ 150 ಕಿಲೋಮೀಟರ್ ತನಕ ಹೋಗಬಲ್ಲದು.

ಭಾಗ 5/8: ಇಳಿಯುತ್ತಾ ಬಂದ ನಷ್ಟದ ಲೆಕ್ಕ

1926ರಿಂದ 1931ರ ತನಕ ಉತ್ತರ ಭಾರತದ ಮೇಲೆ ಮರುಭೂಮಿ ಮಿಡತೆಯ ದೊಡ್ಡ ದಾಳಿ ನಡೀತು. ನಷ್ಟ ಆಗಿನ ಬೆಲೆಯಲ್ಲೇ 10 ಕೋಟಿ ರೂಪಾಯಿ ಅಂತ ಅಂದಾಜು. ಆ ಕಾಲದ 10 ಕೋಟಿ, ನೆನಪಿರಲಿ.

ಅದಾದ ಮೇಲೆ ಸರ್ಕಾರ ಕಣ್ಣು ಬಿಡ್ತು. 1930ರ ದಶಕದಲ್ಲಿ ವೈ. ರಾಮಚಂದ್ರ ರಾವ್ ಅವರ ಮುಂದಾಳತ್ವದಲ್ಲಿ ಸಂಶೋಧಕರು ಬಲೂಚಿಸ್ತಾನ, ಸಿಂಧ್, ರಾಜಸ್ಥಾನದ ಮರಳಲ್ಲಿ ಓಡಾಡಿದ್ರು. ದಂಡು ಬಂದಾಗ ಅಲ್ಲ, ಬರದೇ ಇದ್ದಾಗ. ಒಂಟಿ ಮಿಡತೆ ಎಲ್ಲಿ ಕೂರತ್ತೆ, ಎಲ್ಲಿ ಮೊಟ್ಟೆ ಇಡತ್ತೆ, ಯಾವ ಮಳೆಗೆ ಹೆಚ್ಚತ್ತೆ ಅಂತ ಬರೆದಿಟ್ಟರು. 1939ರಲ್ಲಿ ಲೋಕಸ್ಟ್ ವಾರ್ನಿಂಗ್ ಆರ್ಗನೈಸೇಶನ್, ಅಂದ್ರೆ ಮಿಡತೆ ಎಚ್ಚರಿಕೆ ಸಂಸ್ಥೆ ಹುಟ್ಟಿತು. ಇವತ್ತಿಗೂ ರಾಜಸ್ಥಾನ, ಗುಜರಾತಿನಲ್ಲಿ ಸುಮಾರು 2 ಲಕ್ಷ ಚದರ ಕಿಲೋಮೀಟರ್ ಮರುಭೂಮಿ ಮೇಲೆ ಕಣ್ಣಿಟ್ಟಿರೋದು ಅದೇ.

ಈಗ ಸರ್ಕಾರಿ ಅಂದಾಜುಗಳನ್ನ ಒಂದರ ಕೆಳಗೆ ಒಂದು ಇಡ್ತೀನಿ, ಓದಿ:

1926-31: 10 ಕೋಟಿ ರೂಪಾಯಿ
1940-46: 2 ಕೋಟಿ
1949-55: 2 ಕೋಟಿ
1959-62: 50 ಲಕ್ಷ
1978: 2 ಲಕ್ಷ
1993: 7 ಲಕ್ಷ ಚಿಲ್ಲರೆ

ರೂಪಾಯಿ ಬೆಲೆ ಕುಸೀತಾ ಇದ್ದ ಕಾಲದಲ್ಲಿ ನಷ್ಟದ ಅಂಕಿಯೂ ಇಳಿದಿದೆ. ಒಳ್ಳೇ ಕಾಲ, ಕೀಟನಾಶಕ, ಅದೃಷ್ಟ ಎಲ್ಲ ಸೇರಿರತ್ತೆ. ಆದ್ರೆ ಮರಳಲ್ಲಿ ಜೀಪ್ ಹಾಕ್ಕೊಂಡು ಮಿಡತೆ ಎಣಿಸುತ್ತಿದ್ದ ಜನರ ಪಾಲೂ ಇದೆ.

ಇನ್ನೊಂದು ವಿಷಯ. 1977ರಿಂದ ಭಾರತ, ಪಾಕಿಸ್ತಾನದ ಮಿಡತೆ ಅಧಿಕಾರಿಗಳು ಮುಂಗಾರಿನ ತಿಂಗಳುಗಳಲ್ಲಿ ಗಡಿಯ ಮುನಾಬಾವ್ ಅಥವಾ ಆ ಕಡೆಯ ಖೋಖ್ರಾಪಾರ್‌ನಲ್ಲಿ ಕೂತು ಮಾಹಿತಿ ಹಂಚಿಕೊಳ್ಳೋ ಪದ್ಧತಿ ಬಂತು. ಎರಡೂ ದೇಶ ಬೇರೆ ಯಾವುದಕ್ಕೂ ಮಾತಾಡದ ವರ್ಷಗಳಲ್ಲೂ ಮಿಡತೆಗೋಸ್ಕರ ಮಾತಾಡಿವೆ.

ಭಾಗ 6/8: ಯಾರೂ ನೋಡದ ಮಳೆ

ಹಾಗಾದ್ರೆ 2020 ಹೇಗೆ ಆಯ್ತು?

2018ರ ಮೇ ತಿಂಗಳಲ್ಲಿ ಮೆಕುನು, ಅಕ್ಟೋಬರ್‌ನಲ್ಲಿ ಲುಬಾನ್ ಅನ್ನೋ ಚಂಡಮಾರುತಗಳು ಅರೇಬಿಯಾದ ‘ರುಬ್ ಅಲ್ ಖಾಲಿ’ ಮರುಭೂಮಿಗೆ ಮಳೆ ಸುರಿಸಿದವು. ಆ ಹೆಸರಿನ ಅರ್ಥವೇ ಖಾಲಿ ಜಾಗ. ಅಲ್ಲಿ ರಸ್ತೆ ಇಲ್ಲ, ಜನ ಇಲ್ಲ, ನೋಡೋರಿಲ್ಲ. ಮೂರು ತಲೆಮಾರು ಮಿಡತೆ ಅಲ್ಲೇ ಸದ್ದಿಲ್ಲದೆ ಬೆಳೆದವು. ಮೂರು ತಲೆಮಾರು ಅಂದ್ರೆ ಎಷ್ಟು ಪಟ್ಟು? ಹಿಂದಿನ ಭಾಗಕ್ಕೆ ಹೋಗಿ ನೋಡ್ಕೊಂಡು ಬನ್ನಿ.

ಅಲ್ಲಿಂದ ಯೆಮನ್. ಅಲ್ಲಿ ಯುದ್ಧ, ಹಿಡಿಯೋರು ಯಾರು? ಒಂದು ಕವಲು ಕೆಂಪು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯ್ತು, ಕೀನ್ಯಾಕ್ಕೆ 70 ವರ್ಷದಲ್ಲೇ ಕೆಟ್ಟ ದಾಳಿ. ಇನ್ನೊಂದು ಕವಲು ಇರಾನ್, ಪಾಕಿಸ್ತಾನ ದಾಟಿ 2019ರ ಮೇ ತಿಂಗಳಲ್ಲಿ ಜೈಸಲ್ಮೇರ್‌ಗೆ. 2020ರ ಮೇ ಕೊನೆಗೆ ಜೈಪುರ, ಮಧ್ಯಪ್ರದೇಶ, ಮಹಾರಾಷ್ಟ್ರದ ವಿದರ್ಭ. ನಮ್ಮಲ್ಲಿ ಬೀದರ್, ಕಲಬುರಗಿ ಕಡೆ ಎಚ್ಚರಿಕೆ ಕೊಟ್ಟರು. ಗಾಳಿ ದಿಕ್ಕು ಬೇರೆ ಇತ್ತು, ದಂಡು ಕರ್ನಾಟಕಕ್ಕೆ ಬರಲಿಲ್ಲ. ಆ ವರ್ಷ ಭಾರತ ಡ್ರೋನ್ ಹಾರಿಸಿ ಮಿಡತೆಗೆ ಔಷಧಿ ಹೊಡೀತು.

ಅಪ್ಪ ಎತ್ತಿಟ್ಟ ತಾಟು, ಡಬ್ಬಿ ವಾಪಸ್ ಅಟ್ಟ ಸೇರಿದವು. ನಮಗೆ ಅದು ಒಂದು ವಾರದ ಸುದ್ದಿ. ಬಾರ್ಮೇರ್‌ನಲ್ಲಿ ಜೀರಿಗೆ ಬೆಳೆದವನಿಗೆ ಅದು ಇಡೀ ವರ್ಷದ ಬದುಕು.

ಭಾಗ 7/8: ನಮ್ಮ ಕಡೆಯವು

ಈಗ ಅಜ್ಜನ ಮಾತಿಗೆ ಬರೋಣ. ಮರುಭೂಮಿ ಮಿಡತೆ ಬಿಡಿ, ನಮ್ಮ ಸೀಮೆಗೆ ತನ್ನದೇ ಇತಿಹಾಸ ಇದೆ.

ಒಂದು, ಬಾಂಬೆ ಮಿಡತೆ. 1901ರಿಂದ 1908ರ ನಡುವೆ ಬಾಂಬೆ ಪ್ರಾಂತ್ಯದಲ್ಲಿ ಇದರ ಕೊನೆಯ ದೊಡ್ಡ ಹಾವಳಿ ಆಯ್ತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಆ ಪ್ರಾಂತ್ಯದಲ್ಲೇ ಇದ್ದವು. ಚಳಿಗಾಲದಲ್ಲಿ ಈ ದಂಡು ಪಶ್ಚಿಮ ಘಟ್ಟದ ಕಾಡಲ್ಲಿ ತಂಗಿ, ಮಳೆಗಾಲಕ್ಕೆ ಬಯಲಿಗೆ ಇಳೀತಿತ್ತು. ಇಂಪೀರಿಯಲ್ ಎಂಟಮಾಲಜಿಸ್ಟ್ ಮ್ಯಾಕ್ಸ್‌ವೆಲ್ ಲೆಫ್ರಾಯ್ ಇದರ ಮೇಲೆ 1906ರಲ್ಲಿ ವರದಿ ಬರೆದ್ರು. ಹುಳ ಈಗಲೂ ಇದೆ, ಆದ್ರೆ ಅಂಥ ದೊಡ್ಡ ದಂಡು ಮತ್ತೆ ಎದ್ದಿಲ್ಲ.

ಹೀಗೆ ಅಡಗೋದು ಇದೊಂದೇ ಅಲ್ಲ. ಅಮೆರಿಕದ ರಾಕಿ ಮೌಂಟನ್ ಮಿಡತೆ 1870ರ ದಶಕದಲ್ಲಿ ರೈತರನ್ನ ಊರು ಬಿಡಿಸಿತ್ತು. 1877ರಲ್ಲಿ ನೆಬ್ರಾಸ್ಕಾದಲ್ಲಿ, ಮಿಡತೆ ಕೊಲ್ಲೋ ಕೆಲಸಕ್ಕೆ ಗಂಡಸರು ಬರಲೇಬೇಕು, ಇಲ್ಲದಿದ್ರೆ ದಂಡ ಅಂತ ಕಾನೂನೇ ಆಯ್ತು. ಅದೇ ಮಿಡತೆ 1902ರ ನಂತರ ಯಾರ ಕಣ್ಣಿಗೂ ಜೀವಂತ ಬಿದ್ದಿಲ್ಲ. ಅದು ಮೊಟ್ಟೆ ಇಡ್ತಿದ್ದ ನದಿ ಕಣಿವೆಗಳನ್ನ ರೈತರು ಉತ್ತು, ನೀರು ಹಾಯಿಸಿ, ದನ ಮೇಯಿಸಿದ್ದೇ ಕಾರಣ ಅನ್ನೋದು ಜೆಫ್ರಿ ಲಾಕ್‌ವುಡ್ ಅನ್ನೋ ವಿಜ್ಞಾನಿಯ ವಾದ. ಆಕಾಶ ಮುಚ್ಚುವಷ್ಟು ಇದ್ದದ್ದು 30 ವರ್ಷದೊಳಗೆ ಇಲ್ಲವೇ ಇಲ್ಲ. ಅದನ್ನ ನಿರ್ನಾಮ ಮಾಡ್ತಿದ್ದೀವಿ ಅಂತ ಉತ್ತವರಿಗೆ ಗೊತ್ತೇ ಇರಲಿಲ್ಲ.

ಎರಡು, ಅಜ್ಜನ ಮಿಡಚಿ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಕೆಲಸಕ್ಕೆ ಬಂದ್ರು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ದಾರಿ ತೋರಿಸಿದವರು ಅವರೇ, ಮಲೆನಾಡಿನವರಿಗೆ ಹೆಸರು ಗೊತ್ತಿರತ್ತೆ. 1911ರಲ್ಲಿ ಅವರು ಒಂದು ಮಿಡತೆ ಬಗ್ಗೆ ಪುಸ್ತಿಕೆ ಬರೆದ್ರು. ಇಂಗ್ಲಿಷ್ ಪುಸ್ತಿಕೆಯ ಹೆಸರಿನಲ್ಲೇ ನಮ್ಮ ‘ಜೋಳ’ ಅನ್ನೋ ಪದ ಇದೆ. ಜೋಳದ ಮಿಡತೆ ಅಥವಾ ದಖ್ಖನ್ ಮಿಡತೆ. ಸ್ಪೇನಿನ ತಜ್ಞ ಬೊಲಿವಾರ್ 1910ರಲ್ಲಿ ಇದಕ್ಕೆ ಕೋಲ್ಮನ್ ನೆನಪಿಗೆ ಕೋಲ್ಮೇನಿಯಾ ಅಂತ ಹೆಸರಿಟ್ಟಿದ್ದರು.

ಕಾಲೇಜ್ ಲೈಬ್ರರಿಯಲ್ಲಿ ಒಂದು ಹಳೇ ಕೃಷಿ ಕೀಟಶಾಸ್ತ್ರದ ಪುಸ್ತಕ ತಿರುವಿ ಹಾಕ್ತಾ ಇದರ ಸಾಮಾನ್ಯ ಹೆಸರು ಓದಿದೆ: ದಖ್ಖನಿನ ರೆಕ್ಕೆರಹಿತ ಮಿಡತೆ.

ಅಲ್ಲೇ ಕೂತುಬಿಟ್ಟೆ.

ಮುಂಗಾರು ಮಳೆಗೆ ಮಣ್ಣೊಳಗಿನ ಮೊಟ್ಟೆ ಒಡೀತದೆ. ಮರಿ ಹುಲ್ಲು, ಜೋಳ, ಸಜ್ಜೆ ತಿನ್ನತ್ತೆ. ತೆನೆ ಬಂದ ಮೇಲೆ ಹಾಲುಗಾಳನ್ನೂ ಬಿಡಲ್ಲ. ಹಾರೋಕೆ ರೆಕ್ಕೆ ಇಲ್ಲ. ಹಿಂಗಾರಿನ ಹೊತ್ತಿಗೆ ಅದೇ ಹೊಲದ ಮಣ್ಣಲ್ಲಿ ಮೊಟ್ಟೆ ಇಟ್ಟು ಸಾಯತ್ತೆ. ವರ್ಷಕ್ಕೆ ಒಂದೇ ತಲೆಮಾರು. ಹೊಲದಾಗ ಹುಟ್ಟಿ, ಹೊಲದಾಗ ತಿಂದು, ಅಲ್ಲೇ ತತ್ತಿ ಇಟ್ಟು. ಅಜ್ಜ ಒಂದು ಸಾಲಲ್ಲಿ ಹೇಳಿದ್ದನ್ನ ಪುಸ್ತಕ ಎರಡು ಪುಟದಲ್ಲಿ ಹೇಳಿತ್ತು.

ಭಾಗ 8/8: ಅಜ್ಜನ ಲೆಕ್ಕದ ಪುಸ್ತಕ

ಅಜ್ಜ ಹೋದ ಮೇಲೆ ಅವರ ಟ್ರಂಕಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕಗಳು ಸಿಕ್ಕವು. ಮನೇಲಿ ‘ಬಿಕಾಂ ಓದ್ತಾಳ, ಆಕಿ ನೋಡ್ಲಿ’ ಅಂತ ನನ್ನ ಕೈಗೆ ಕೊಟ್ಟರು. 1984ರ ಮುಂಗಾರಿನ ಪುಟದಲ್ಲಿ ಹೀಗಿತ್ತು: ‘ಮಿಡಚಿ ಪುಡಿ 2 ಚೀಲ. ಆಳು 3.’

ಅಜ್ಜಿಯನ್ನ ಕೇಳಿದೆ. ಹಿಂದಿನ ವರ್ಷ ಮಿಡಚಿ ಹೊಕ್ಕು ಜೋಳ ಕೈಗೆ ಬರಲಿಲ್ಲವಂತೆ, ಅತ್ತೆಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯ್ತಂತೆ. ಅದಕ್ಕೇ ಆ ವರ್ಷ ಅಜ್ಜ ಮೊದಲೇ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ ಮೊಟ್ಟೆ ಮೇಲೆ ಬರೋ ಹಾಗೆ ಮಾಡಿದ್ರು. ಬಿಸಿಲಿಗೆ ಅರ್ಧ ಸತ್ತವು, ಹಕ್ಕಿ ತಿಂದದ್ದು ಇನ್ನಷ್ಟು. ಬದುವಿನ ಹುಲ್ಲು ಕೆತ್ತಿಸಿದ್ರು. ಉಳಿದ ಮರಿಗೆ ಪುಡಿ. ಆ ವರ್ಷ ಜೋಳ ಬಂತು, ಮದುವೆ ಆಯ್ತು.

ಆ ಪುಟ ಇನ್ನೊಂದು ಸಲ ನೋಡಿದೆ. ಪುಡಿಯ ಖರ್ಚು ಇದೆ, ಆಳಿನ ಕೂಲಿ ಇದೆ. ಮಿಡಚಿ ತಿನ್ನದೇ ಬಿಟ್ಟ ಜೋಳ ಎಲ್ಲಿದೆ? ಎಲ್ಲೂ ಇಲ್ಲ. ನಾನು ಮೂರು ವರ್ಷದಿಂದ ಅಕೌಂಟೆನ್ಸಿ ಓದ್ತಿದ್ದೀನಿ. ಆದ ನಷ್ಟ ಬರೆಯೋಕೆ ಜಾಗ ಇದೆ, ಆಗಬಹುದಾದ ನಷ್ಟಕ್ಕೆ ಪ್ರಾವಿಷನ್ ಇದೆ. ತಪ್ಪಿಸಿದ ನಷ್ಟವನ್ನ ಯಾರ ಹೆಸರಿಗೆ ಜಮಾ ಮಾಡೋದು?

ಭಾಗ 5ರ ಪಟ್ಟಿ ಈಗ ಮತ್ತೆ ನೋಡಿ. 1993ರ 7 ಲಕ್ಷ ನೋಡಿದವನಿಗೆ, ‘ಇಷ್ಟೇ ನಷ್ಟಕ್ಕೆ ಇಷ್ಟು ಆಫೀಸು, ಜೀಪು, ಸಂಬಳ ಯಾಕೆ’ ಅಂತ ಅನ್ನಿಸಬಹುದು. ಖರ್ಚು ಕಾಣತ್ತೆ, ಉಳಿದದ್ದು ಕಾಣಲ್ಲ. ಕಾಯೋರನ್ನ ಕಡಿಮೆ ಮಾಡೋಕೆ ಯಾವಾಗಲೂ ಇದೇ ಕಾರಣ ಸಿಗತ್ತೆ. ಯಾರೂ ನೋಡದ ಒಂದು ಮಳೆಗೆ 2018ರಲ್ಲಿ ಏನಾಯ್ತು ಅಂತ ನಿಮಗೀಗ ಗೊತ್ತು.

ಪೂರ್ತಿ ನಿಜ ಹೇಳಬೇಕಂದ್ರೆ ಬರೆಯದ ಖರ್ಚೂ ಇದೆ. ಆ ‘ಮಿಡಚಿ ಪುಡಿ’ ಅಂದ್ರೆ ಬಿಎಚ್‌ಸಿ. ಆಗ ಎಲ್ಲ ಅಂಗಡಿಯಲ್ಲೂ ಸಿಗ್ತಿತ್ತು. ಮಣ್ಣಲ್ಲಿ, ಹಾಲಲ್ಲಿ ಉಳಿಯೋ ವಿಷ ಅಂತ ಭಾರತ 1997ರಲ್ಲಿ ಅದನ್ನ ನಿಷೇಧಿಸಿತು. ಅಜ್ಜ ಅದನ್ನ ಬರಿಗೈಯಲ್ಲೇ ಎರಚುತ್ತಿದ್ದರು ಅಂತ ಅಜ್ಜಿ ಹೇಳಿದ್ರು. ಎರಚುವಾಗ ಮಿಡಚಿ ಹಿಡಿಯೋ ಜೇಡ, ಗೊದ್ದ, ಹಕ್ಕಿ ಯಾವುದನ್ನೂ ಅದು ಕೇಳಿ ಬಿಟ್ಟಿರಲ್ಲ. ಆ ನಷ್ಟಕ್ಕೂ ಪುಸ್ತಕದಲ್ಲಿ ಕಾಲಂ ಇಲ್ಲ. ಅಜ್ಜನ ತಪ್ಪು ಅಂತ ನಾನು ಹೇಳಲ್ಲ. ಹಿಂದಿನ ವರ್ಷ ಜೋಳ ಹೋಗಿತ್ತು, ಮನೇಲಿ ಮದುವೆಗೆ ಮಗಳಿದ್ದಳು. ಆದ್ರೆ ನೇಗಿಲು, ಬಿಸಿಲು, ಹಕ್ಕಿ ಮಾಡಿದ ಕೆಲಸಕ್ಕೆ ದುಡ್ಡು ಕೊಟ್ಟಿರಲಿಲ್ಲ, ಅದಕ್ಕೇ ಅದೂ ಪುಸ್ತಕದಲ್ಲಿ ಬರಲಿಲ್ಲ ಅನ್ನೋದು ನನ್ನ ತಲೇಲಿ ಉಳಿದಿದೆ.

ಮೊದಲ ಫೋಟೋದಲ್ಲಿ ಇರೋದು ಆ 1984ರ ಪುಟ. ಪೆನ್ಸಿಲ್ ಗುರುತು ನನ್ನದು, ಅಂಚಿನಲ್ಲಿ ‘ಉಳಿದ ಜೋಳ’ ಅಂತ ಬರೆದು ಎದುರಿಗೆ ಖಾಲಿ ಬಿಟ್ಟಿದ್ದೀನಿ.

ನಿಮಗೊಂದು ಕೆಲಸ. ಇವತ್ತು ಮನೆಗೆ ಫೋನ್ ಮಾಡಿ ಅಜ್ಜನೋ ಅಜ್ಜಿಯೋ ಇದ್ರೆ ಕೇಳಿ: ನಿಮ್ಮೂರಲ್ಲಿ ಮಿಡತೆಗೆ ಏನಂತಾರೆ, ಬೆಳೆ ತಿಂದದ್ದು ನೋಡಿದ್ದಾರಾ, ಆಗ ಏನು ಮಾಡ್ತಿದ್ರು. ಅವರು ಹೇಳಿದ ಹಾಗೇ ಕಾಮೆಂಟಲ್ಲಿ ಬರೀರಿ, ಊರಿನ ಹೆಸರು ಹಾಕಿ. ನಗಬೇಡಿ. ನಾನು ನಕ್ಕಿದ್ದೆ.

#ಮಿಡಚಿ #ಮಿಡತೆ #ಜೋಳ #ಊರಿನಇತಿಹಾಸ #ಬಿಕಾಂಹುಡುಗಿಯಇತಿಹಾಸ